ಇನ್ನೂರಾ ಹನ್ನೆರಡು ಹೆಂಗಸರ ಆಯುಷ್ಯ

ನಿಪ್ಪಾಣಿಯಲ್ಲಿ ನೀಲಮ ಶಿಂಗೆಯ ಕೆಲಸ ಏನು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವಳ ಆಫೀಸಿನ ಕೆಳಗಿರುವ ಕಿರಾಣಿ ಅಂಗಡಿಯವನು ಅವಳನ್ನು ಆಡಿಟರ್ ಎಂದುಕೊಂಡಿದ್ದಾನೆ. ಕೋಣೆ ಬಾಡಿಗೆಗೆ ಕೊಟ್ಟ ಮಾಲಕನಿಗೆ ಅವಳು ವಿಮೆಯ ಏಜೆಂಟ್. ತವರೂರು ಏಕಸಂಬಿಯ ಓಣಿಯಲ್ಲಿ ಮಾತ್ರ ಮುದುಕಿಯರು, ಅಕ್ಕುತಾಯಿಯ ಮಗಳು ಮಂದಿಯ ಆಯುಷ್ಯ ನೋಡುತ್ತಾಳೆ ಎನ್ನುತ್ತಾರೆ. ನಿಜಕ್ಕೆ ಹತ್ತಿರದ ಉತ್ತರ ಮುದುಕಿಯರದ್ದೇ.

ಅವಳು ಆಕ್ಚುವರಿ. ಸಾವಿರ ಜನರಲ್ಲಿ ಎಷ್ಟು ಮಂದಿ ಎಪ್ಪತ್ತು ದಾಟುತ್ತಾರೆ, ಎಷ್ಟು ಮಂದಿ ಎಂಬತ್ತು ಕಾಣುತ್ತಾರೆ, ಅವರೆಲ್ಲರಿಗೆ ಬದುಕಿರುವ ತನಕ ಕೊಡುತ್ತೇವೆ ಎಂದು ಒಪ್ಪಿಕೊಂಡ ಹಣಕ್ಕೆ ಇವತ್ತು ಎಷ್ಟು ಗಂಟು ಕೈಯಲ್ಲಿರಬೇಕು ಎಂದು ಲೆಕ್ಕ ಹಾಕಿ, ಅದಕ್ಕೆ ತನ್ನ ಹೆಸರಿನ ಸಹಿ ಹಾಕುವ ಕೆಲಸ. ಆ ಸಹಿಯ ಹಕ್ಕು ಪಡೆಯಲು ಹದಿನೈದು ಪರೀಕ್ಷೆ ಪಾಸಾಗಬೇಕು. ನೀಲಮಳಿಗೆ ಹನ್ನೆರಡು ವರ್ಷ ಹಿಡಿಯಿತು.

ಅಪ್ಪ ಭರಮು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವ್ವ ಅಕ್ಕುತಾಯಿ ಮಂದಿಯ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ಹಂಗಾಮಿನಲ್ಲಿ ಕಬ್ಬು ನಾಟಿಗೆ ಹೋಗುತ್ತಿದ್ದಳು. ಮಗಳು ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ಕೊಲ್ಹಾಪುರದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿ, ಮುಂಬಯಿಯ ಒಂದು ವಿಮಾ ಕಂಪನಿಗೆ ಸೇರಿದಳು. ಹಗಲೆಲ್ಲ ಕೆಲಸ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದು. ಒಂದು ಪೇಪರಿನಲ್ಲಿ ಐದು ಸಲ ಫೇಲಾದಳು. ಊರಿಗೆ ಫೋನು ಮಾಡಿದಾಗಲೆಲ್ಲ ಅವ್ವ, ಪೇಪರ ಏನಾತು ಎಂದು ಕೇಳುತ್ತಿದ್ದಳು. ಹೋಯಿತು ಎಂದರೆ, ಮುಂದಿನದು ಯಾವಾಗ ಎಂದಷ್ಟೇ ಕೇಳುತ್ತಿದ್ದಳು. ಐದನೆಯ ಸಲವೂ ಅದೇ ಪ್ರಶ್ನೆ ಬಂದಾಗ, ಇನ್ನು ಸಾಕು ಎಂದು ಹೇಳಲು ಸಿದ್ಧವಾಗಿದ್ದ ನೀಲಮ ತಾರೀಖು ಹೇಳಿ ಫೋನು ಇಟ್ಟಳು. ಆರನೆಯ ಸಲಕ್ಕೆ ಆ ಪೇಪರು ದಾಟಿತು.

ಗಂಡ ವಿಕ್ರಾಂತನಿಗೆ ನಿಪ್ಪಾಣಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆ. ಕೊನೆಯ ಪರೀಕ್ಷೆ ಮುಗಿದ ಮೇಲೆ ಅವಳೂ ನಿಪ್ಪಾಣಿಗೆ ಬಂದು, ಬೆಳಗಾವಿ ರಸ್ತೆಯ ಒಂದು ಮಹಡಿಯ ಮೇಲೆ ಕೋಣೆ ಹಿಡಿದಳು. ಸಹಕಾರಿ ಸಂಘಗಳ, ಕಾರ್ಖಾನೆಗಳ ಗ್ರಾಚ್ಯುಟಿ ಲೆಕ್ಕ ಮಾಡಿಕೊಟ್ಟು ಬದುಕು ಸಾಗುತ್ತಿತ್ತು. ಕೋರ್ಟಿನ ಮೆಟ್ಟಿಲು ಹತ್ತುವ ವಿಚಾರ ಅವಳ ತಲೆಯಲ್ಲಿ ಇರಲೇ ಇಲ್ಲ.

೨೦೨೩ರ ಮಾರ್ಚಿನ ಒಂದು ಮಧ್ಯಾಹ್ನ ಚಿಕ್ಕೋಡಿಯ ವಕೀಲ ಜ್ಞಾನದೇವ ಖೋತರು ಒಂದು ದಪ್ಪ ಫೈಲು ಹಿಡಿದು ಏದುಸಿರು ಬಿಡುತ್ತ ಆ ಮಹಡಿ ಹತ್ತಿದರು. ಐವತ್ತೈದರ ಸುಮಾರಿನ, ಮಾತು ಕಡಿಮೆಯ ಮನುಷ್ಯ. ನೀರು ಕುಡಿದು ಸುಧಾರಿಸಿಕೊಂಡು ವಿಷಯ ಹೇಳಿದರು.

ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆ. ಅದರ ಕಾರ್ಮಿಕರಿಗೆ ಒಂದು ಕಲ್ಯಾಣ ನಿಧಿ ಇತ್ತು. ತಿಂಗಳ ಪಗಾರದಲ್ಲಿ ಕಾರ್ಮಿಕನ ಪಾಲು ಇಷ್ಟು, ಕಾರ್ಖಾನೆಯ ಪಾಲು ಇಷ್ಟು ಎಂದು ಅದಕ್ಕೆ ಜಮಾ ಆಗುತ್ತಿತ್ತು. ಕಾರ್ಮಿಕ ತೀರಿಕೊಂಡರೆ ಅವನ ಹೆಂಡತಿಗೆ ಬದುಕಿರುವ ತನಕ ತಿಂಗಳಿಗೆ ಎರಡು ಸಾವಿರ ರೂಪಾಯಿ. ಹೀಗೆ ಇನ್ನೂರಾ ಹನ್ನೆರಡು ಹೆಂಗಸರಿಗೆ ಹಣ ಬರುತ್ತಿತ್ತು. ೨೦೨೧ರಲ್ಲಿ ನಿಧಿಯ ಟ್ರಸ್ಟಿನವರು ಮುಂಬಯಿಯಿಂದ ಒಂದು ವರದಿ ತರಿಸಿದರು. ಹೀಗೇ ಕೊಡುತ್ತ ಹೋದರೆ ಹದಿನೈದು ವರ್ಷದೊಳಗೆ ನಿಧಿ ಬರಿದಾಗುತ್ತದೆ, ಆ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರು ಇನ್ನೂ ಬದುಕಿರುತ್ತಾರೆ ಎಂದು ವರದಿ ಹೇಳಿತು. ಅದನ್ನು ಮುಂದಿಟ್ಟುಕೊಂಡು ಟ್ರಸ್ಟು, ಹತ್ತು ವರ್ಷ ಹಣ ಪಡೆದವರಿಗೆಲ್ಲ ಇನ್ನು ಬಂದ್ ಎಂದು ಪತ್ರ ಕಳಿಸಿತು. ಒಂದೇ ಪೆಟ್ಟಿಗೆ ನೂರಾ ಮೂವತ್ತೊಂದು ಹೆಂಗಸರ ಹಣ ನಿಂತಿತು. ಅವರಲ್ಲೊಬ್ಬಳು, ಯಡೂರಿನ ಗಿರಿಜವ್ವ, ಮುಂದಾಗಿ ದಾವೆ ಹಾಕಿಸಿದ್ದಳು.

ಖೋತರಿಗೆ ಬೇಕಾಗಿದ್ದು ಮುಂಬಯಿ ವರದಿಗೆ ಎದುರುತ್ತರ. ಅದರಲ್ಲಿ ಲೆಕ್ಕ ಹಿಡಿದದ್ದು ಪಟ್ಟಣದ, ಅನುಕೂಲಸ್ಥ ಹೆಂಗಸರ ಆಯುಷ್ಯವನ್ನು. ನಮ್ಮ ಕಡೆಯ ದುಡಿಯುವ ಹೆಂಗಸರು ಅಷ್ಟು ವರ್ಷ ಎಲ್ಲಿ ಬದುಕುತ್ತಾರೆ? ಹಾಗೆಂದು ನೀಲಮ ಬರೆದುಕೊಟ್ಟು ಕೋರ್ಟಿನಲ್ಲಿ ತಜ್ಞಸಾಕ್ಷಿ ಹೇಳಬೇಕು ಎಂದರು.

ನೀಲಮ ಫೈಲು ತಿರುವಿ ಹಾಕಿ ಒಂದೇ ಮಾತು ಹೇಳಿದಳು.

"ಲೆಕ್ಕದಾಗ ಏನ್ ಬರತೈತಿ ಅದನ್ನ ಬರೀತೀನ್ರಿ ಸಾಹೇಬ್ರ. ನಿಮಗ ಬೇಕಾದಂಗ ಬರಲಿಲ್ಲಂದ್ರ ನನ್ನ ಕರೀಬ್ಯಾಡ್ರಿ. ಕರದ್ರ ಮಾತ್ರ ಪೂರಾ ಹೇಳ್ತೀನಿ, ಅರ್ಧಾ ಹೇಳೂದಿಲ್ಲ."

ಖೋತರು ಒಪ್ಪಿದರು. ಹೀಗೆ ಹೇಳುವವರು ಕೊನೆಗೆ ಹೊಂದಿಕೊಳ್ಳುತ್ತಾರೆ ಎಂದು ಆಗ ಅನಿಸಿತ್ತು ಎಂದು ಮುಂದೆ ಅವರೇ ನಗುತ್ತ ಒಪ್ಪಿಕೊಂಡರು.

ಮೊದಲ ವಾರ ನೀಲಮ ಬರೀ ನಿಧಿಯ ರಜಿಸ್ಟರು ನೋಡುತ್ತ ಕೂತಳು. ಕಾರ್ಮಿಕ ಕೆಲಸಕ್ಕೆ ಸೇರಿದ ದಿನ ಅವನ ಹೆಸರು, ಹುಟ್ಟಿದ ವರ್ಷ, ಹೆಂಡತಿಯ ಹೆಸರು, ಅವಳ ಹುಟ್ಟಿದ ವರ್ಷ ಬರೆದಿದ್ದರು. ಮುಂಬಯಿಯವರು ಆ ಅಂಕಿಗಳನ್ನು ಹಾಗೇ ಎತ್ತಿಕೊಂಡಿದ್ದರು. ಅವರ ಪಟ್ಟಿಯಲ್ಲಿ, ಕೂಡಿಸುವ ಕಳೆಯುವ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ನೀಲಮ ಗಂಡನ ವಯಸ್ಸು, ಹೆಂಡತಿಯ ವಯಸ್ಸು ಪಕ್ಕಪಕ್ಕ ಇಟ್ಟು ಅಂತರ ತೆಗೆದಳು. ಹತ್ತು. ಮುಂದಿನದೂ ಹತ್ತು. ಅದರ ಮುಂದಿನದೂ ಹತ್ತು. ಇನ್ನೂರಾ ಹನ್ನೆರಡರಲ್ಲಿ ನೂರಾ ಎಂಬತ್ತೇಳು ಜೋಡಿಗಳಿಗೆ ಸರಿಯಾಗಿ ಹತ್ತೇ ವರ್ಷದ ಅಂತರ. ದೇಶದಲ್ಲಿ ಎಲ್ಲಿಯೂ ಮದುವೆಗಳು ಹಾಗೆ ಆಗುವುದಿಲ್ಲ. ಹೆಂಡತಿಯ ವಯಸ್ಸನ್ನು ಯಾರೂ ಕೇಳಿರಲೇ ಇಲ್ಲ. ಗಂಡನ ವಯಸ್ಸಿನಲ್ಲಿ ಹತ್ತು ಕಳೆದು ಯಾವನೋ ಕ್ಲರ್ಕು ಬರೆದುಕೊಂಡು ಹೋಗಿದ್ದ.

ನಿಜವಾದ ವಯಸ್ಸು ಬೇಕೆಂದರೆ ಆ ಹೆಂಗಸರನ್ನೇ ಕೇಳಬೇಕು. ನೀಲಮ ಸ್ಕೂಟಿ ತೆಗೆದಳು. ಯಡೂರು, ಸದಲಗಾ, ರಾಯಬಾಗ ಕಡೆಯ ಹಳ್ಳಿಗಳು, ಅಥಣಿ ಕಾಗವಾಡದ ತನಕ ನಾಲ್ಕು ತಿಂಗಳು ತಿರುಗಿದಳು. ಆಧಾರ್ ಕಾರ್ಡಿನಲ್ಲಿ ಮುಕ್ಕಾಲು ಮಂದಿ ಜನವರಿ ಒಂದಕ್ಕೆ ಹುಟ್ಟಿದವರು, ಅದೂ ಅಂದಾಜೇ. ಹಾಗಾಗಿ ಅವಳು ವಯಸ್ಸು ಕೇಳುವುದನ್ನು ಬಿಟ್ಟು ಬೇರೆ ಕೇಳತೊಡಗಿದಳು. ಅರವತ್ತೇಳರಲ್ಲಿ ಕೊಯ್ನಾ ಭೂಕಂಪ ಆದಾಗ ನೀವು ಎಷ್ಟು ದೊಡ್ಡವರಿದ್ದಿರಿ? ಎಪ್ಪತ್ತೆರಡರ ಬರಗಾಲದಲ್ಲಿ ಕಾಮಗಾರಿಗೆ ಕಲ್ಲು ಒಡೆಯಲು ಹೋಗಿದ್ದಿರಾ, ಇಲ್ಲ ಅವ್ವನ ಜೊತೆ ಸುಮ್ಮನೆ ಹೋಗಿದ್ದಿರಾ? ಮೊದಲ ಕೂಸು ಹುಟ್ಟಿದ್ದು ಯಾವ ವರ್ಷ, ಅದರ ಶಾಲೆಯ ದಾಖಲೆ ಇದೆಯೇ? ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಸಿಕ್ಕ ಉತ್ತರಗಳನ್ನು ಒಂದಕ್ಕೊಂದು ತಾಳೆ ನೋಡಿ ಹುಟ್ಟಿದ ವರ್ಷ ಅಂದಾಜು ಮಾಡುತ್ತಿದ್ದಳು.

ಎಲ್ಲರೂ ಸುಲಭವಾಗಿ ಸಿಗಲಿಲ್ಲ. ಈ ಹೆಣ್ಣುಮಗಳು ನಾವು ಸಾಯುವ ವರ್ಷ ಬರೆದುಕೊಂಡು ಹೋಗುತ್ತಾಳೆ ಎಂಬ ಸುದ್ದಿ ಅವಳ ಸ್ಕೂಟಿಗಿಂತ ಮೊದಲು ಊರು ಸೇರುತ್ತಿತ್ತು. ಒಂದು ಹಳ್ಳಿಯಲ್ಲಿ ಏಳು ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಆಗ ಗಿರಿಜವ್ವ ತಾನೇ ಜೊತೆಗೆ ಹೊರಟಳು. ಕಾರ್ಖಾನೆಯ ಬಾಯ್ಲರಿನಲ್ಲಿ ದುಡಿಯುತ್ತಿದ್ದ ಗಂಡ ತೀರಿ ಹದಿನಾರು ವರ್ಷವಾಗಿತ್ತು. ಎರಡೆಕರೆ ಕಬ್ಬು ತಾನೇ ನಿಂತು ಮಾಡಿಸುವ ಗಟ್ಟಿ ಹೆಂಗಸು. ಮೊದಲು ತನ್ನ ಹಾಳೆ ತುಂಬಿಸಿ ಎಲ್ಲರ ಮುಂದೆ ಹಿಡಿದು ತೋರಿಸಿದಳು. ಕೊಯ್ನಾ ಭೂಕಂಪದ ದಿನ ಬೆಳಗಿನ ಜಾವ ಪಾತ್ರೆ ಉರುಳಿ ಬಿದ್ದಾಗ ತಾನು ತಂಗಿಯನ್ನು ಟೊಂಕದ ಮೇಲೆ ಎತ್ತಿಕೊಂಡು ಹೊರಗೆ ಓಡಿದ್ದೆ ಎಂದಳು. ಟೊಂಕದ ಮೇಲೆ ಕೂಸು ಎತ್ತುವ ಹುಡುಗಿ ಎಂದರೆ ಆರು ವರ್ಷವಾದರೂ ಇರಬೇಕು. ಹುಟ್ಟಿದ್ದು ಅರವತ್ತೊಂದು ಎಂದು ನೀಲಮ ಬರೆದುಕೊಂಡಳು. ಅದನ್ನು ನೋಡಿ ಉಳಿದವರೂ ಬಂದು ಕೂತರು.

ಎಲ್ಲ ಹಾಳೆ ಕೂಡಿಸಿದಾಗ ರಜಿಸ್ಟರಿಗಿಂತ ಈ ಹೆಂಗಸರು ಸರಾಸರಿ ನಾಲ್ಕು ವರ್ಷ ದೊಡ್ಡವರು ಎಂದಾಯಿತು. ದೊಡ್ಡವರೆಂದರೆ ನಿಧಿ ಹಣ ಕೊಡಬೇಕಾದ ವರ್ಷಗಳು ಅಷ್ಟು ಕಡಿಮೆ. ಮುಂಬಯಿ ವರದಿಯ ಬಹುದೊಡ್ಡ ಭಾಗ ಅಲ್ಲೇ ಅಲುಗಾಡಿತು. ಖೋತರು ಫೋನಿನಲ್ಲಿ ಕೇಳಿ ಖುಷಿಯಾದರು.

ಆದರೆ ಇನ್ನೊಂದು ಲೆಕ್ಕ ಉಳಿದಿತ್ತು. ನಿಧಿ ಶುರುವಾದಂದಿನಿಂದ ಹಣ ಪಡೆದ ಹೆಂಗಸರಲ್ಲಿ ಯಾರು ಯಾವಾಗ ತೀರಿಕೊಂಡರು ಎಂದು ಪಂಚಾಯತಿಗಳ ಮರಣ ನೋಂದಣಿಯಿಂದ ಅವಳು ತೆಗೆಸಿದ್ದಳು. ದುಡಿಯುವ ಹೆಂಗಸರು ಬೇಗ ಸಾಯುತ್ತಾರೆ ಎಂಬ ಖೋತರ ಮಾತು ಅಲ್ಲಿ ನಿಲ್ಲಲಿಲ್ಲ. ಅರವತ್ತು ದಾಟಿದ ಮೇಲೆ ಈ ಹೆಂಗಸರು ಮುಂಬಯಿ ವರದಿ ಹೇಳಿದಷ್ಟೇ ಬದುಕುತ್ತಿದ್ದರು. ನೀಲಮ ಎರಡು ಸಲ ಲೆಕ್ಕ ಹಾಕಿದಳು. ತನ್ನ ಅವ್ವನ ವಾರಗೆಯ ಹೆಂಗಸರು ಗಟ್ಟಿ ಇದ್ದಾರೆ ಎಂದು ಒಂದು ಕಡೆ ಹಿತವೆನಿಸಿತು. ಇದು ಅವರ ದಾವೆಗೇ ಅಡ್ಡ ಬರುತ್ತದಲ್ಲ ಎಂದು ಇನ್ನೊಂದು ಕಡೆ ಸಂಕಟವಾಯಿತು. ವಯಸ್ಸಿನದು, ಸಾವಿನದು ಎರಡೂ ಲೆಕ್ಕ ಸೇರಿಸಿದರೆ ಬಂದ ಉತ್ತರ ಇದು: ಹಣ ನಿಲ್ಲಿಸುವ ಅಗತ್ಯ ಇಲ್ಲ, ಆದರೆ ಎರಡು ಸಾವಿರ ಪೂರ್ತಿ ಕೊಡಲೂ ಆಗುವುದಿಲ್ಲ. ಎಲ್ಲರಿಗೂ ಬದುಕಿರುವ ತನಕ ಸಾವಿರದ ಎಂಟುನೂರು ಕೊಡಬಹುದು.

ಖೋತರು ವರದಿ ಓದಿ ಮರುದಿನವೇ ನಿಪ್ಪಾಣಿಗೆ ಬಂದರು. ಮೊದಲ ಭಾಗ ಇರಲಿ, ಪೂರ್ತಿ ಕೊಡಲು ಆಗುವುದಿಲ್ಲ ಎಂಬ ಆ ಒಂದು ಪ್ಯಾರಾ ತೆಗೆಯಿರಿ, ಎದುರು ವಕೀಲರು ಕೇಳಿದರೆ ಆಗ ನೋಡೋಣ ಎಂದರು. ಸುಳ್ಳು ಬರೆಯಲು ನಾನು ಹೇಳುತ್ತಿಲ್ಲ, ಬರೆಯದೆ ಬಿಡಿ ಎನ್ನುತ್ತಿದ್ದೇನೆ ಎಂದರು. ನೀಲಮ ಅವರಿಗೆ ಚಹಾ ತರಿಸಿದಳು. ಪ್ಯಾರಾ ತೆಗೆಯಲಿಲ್ಲ. ಬೇಡವಾದರೆ ವರದಿಯನ್ನೇ ಕೋರ್ಟಿಗೆ ಕೊಡಬೇಡಿ, ಫೀಸು ಏನೂ ಬೇಡ ಎಂದಳು. ಖೋತರು ಹೊರಡುವಾಗ ಮುಖ ಸಪ್ಪೆಯಾಗಿತ್ತು. ಅವಳಿಗೂ ಊಟ ರುಚಿಸಲಿಲ್ಲ. ಭಾನುವಾರ ಏಕಸಂಬಿಗೆ ಹೋದಾಗ ಅಕ್ಕುತಾಯಿ ಏನಾಗಿದೆ ಎಂದು ಕೇಳಿದಳು. ನೀಲಮ ಹೇಳಿದಳು. ಅಕ್ಕುತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗಿರಿಜವ್ವಗ ನೀನ ಹೇಳಿದಿ ಏನು? ವಕೀಲ್ರ ಕಡಿಂದ ಕೇಳೂದ್ಕಿಂತ ನಿನ್ನ ಕಡಿಂದ ಕೇಳಿದ್ರ ಚಲೋ."

ಅದೇ ಸಂಜೆ ನೀಲಮ ಯಡೂರಿಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಗಿರಿಜವ್ವ ಬೆರಳು ಮಡಿಚಿ ಎಣಿಸಿದಳು. ಎರಡು ನೂರು ರೂಪಾಯಿ ಹೋದರೆ ಗುಳಿಗೆಯ ಖರ್ಚು ಹೋದಂತೆ ಎಂದಳು. ಆಮೇಲೆ, ಈಗ ಬರುತ್ತಿರುವುದು ಎಷ್ಟು, ಸೊನ್ನೆ ಅಲ್ಲವೇ ಎಂದು ತಾನೇ ಕೇಳಿಕೊಂಡಳು. ವಕೀಲರಿಗೆ ಫೋನು ಹಚ್ಚಿ, ನೀಲಮ ಬಾಯಾರು ಬರೆದದ್ದನ್ನು ಹಾಗೇ ಕೊಡಿ ಎಂದು ಹೇಳಿದಳು.

೨೦೨೪ರ ಫೆಬ್ರವರಿಯಲ್ಲಿ ಚಿಕ್ಕೋಡಿಯ ಕೋರ್ಟಿನಲ್ಲಿ ಸಾಕ್ಷಿ ನಡೆಯಿತು. ಹೆಂಗಸರು ಮೂರು ಟೆಂಪೋದಲ್ಲಿ ಬಂದಿದ್ದರು. ಒಳಗೆ ಜಾಗ ಸಾಲದೆ ವರಾಂಡದಲ್ಲೂ ಕೂತರು. ನ್ಯಾಯಾಧೀಶರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಟ್ರಸ್ಟಿನ ಪರವಾಗಿ ಬಂದವರು ನೇಮಿನಾಥ ಮಗದುಮ್. ಜಿಲ್ಲೆಯಲ್ಲೇ ಪಾಟೀಸವಾಲಿಗೆ ಹೆಸರಾದ ಹಿರಿಯ ವಕೀಲರು. ಎಂದೂ ದನಿ ಏರಿಸುವುದಿಲ್ಲ.

ನೀಲಮ ಕಟಕಟೆ ಹತ್ತಿದಾಗ ಮಗದುಮರು ಮೊದಲು ಅವಳ ಓದು, ಆಕ್ಚುವರಿ ಸಂಸ್ಥೆಯ ಸದಸ್ಯತ್ವದ ನಂಬರು ಎಲ್ಲ ಕೇಳಿದರು. ನಿಮ್ಮ ತಾಯಿಯೂ ಹೊಲದ ಕೂಲಿ ಮಾಡಿದವರು ಅಲ್ಲವೇ ಎಂದರು. ಹೌದು ಎಂದಳು. ಹಾಗಾದರೆ ಈ ಹೆಂಗಸರ ಮೇಲೆ ಮರುಕ ಇರುವುದು ಸಹಜ ಎಂದರು. ಮರುಕ ಇದೆ, ಅದನ್ನು ಲೆಕ್ಕದಲ್ಲಿ ಎಲ್ಲಿ ಸೇರಿಸಿದ್ದೇನೆ ಎಂದು ಪುಟದ ನಂಬರು ತೋರಿಸಿದರೆ ಉತ್ತರ ಕೊಡುತ್ತೇನೆ ಎಂದಳು. ಮಗದುಮರು ಮುಂದಕ್ಕೆ ಹೋದರು.

"ಒಂದನೇ ವಾದಿ ಗಿರಿಜವ್ವ ಇನ್ನ ಎಷ್ಟ ವರ್ಷ ಬದಕ್ತಾರ? ಹೇಳ್ರಿ."

"ಅದು ನನಗ ಗೊತ್ತಿಲ್ರಿ. ಯಾರಿಗೂ ಗೊತ್ತಿರೂದಿಲ್ಲ."

"ಒಬ್ಬರದ ಗೊತ್ತಿಲ್ಲ. ಇನ್ನೂರ ಮಂದೀದು ಗೊತ್ತೈತಿ?"

"ಹೌದ್ರಿ. ನಿಂತ ಕಬ್ಬಿನಾಗ ಯಾವ ಗಳ ಎಷ್ಟ ತೂಗತೈತಿ ಅಂತ ಹೇಳಾಕ ಆಗೂದಿಲ್ಲ. ಆದ್ರ ಎಕರೆಕ ಎಷ್ಟ ಟನ್ ಬೀಳತೈತಿ ಅಂತ ನಿಮ್ಮ ಕಾರ್ಖಾನೆ ಮಂದಿ ಪ್ರತಿ ವರ್ಷ ಹೊಲದಾಗ ನಿಂತ ಬರಕೊಂತಾರ್ರಿ. ಅದರ ಮ್ಯಾಲೆ ಹಂಗಾಮ ನಡೀತೈತಿ. ನಾ ಮಾಡಿದ್ದೂ ಅಷ್ಟ."

ವರಾಂಡದ ಹೆಂಗಸರಲ್ಲಿ ಸಣ್ಣ ಗುಜುಗುಜು ಎದ್ದಿತು, ಶಿಪಾಯಿ ಸುಮ್ಮನಿರಿಸಿದ.

ಆಗ ಮಗದುಮರು ಫೈಲಿನಿಂದ ಒಂದು ಕಾಗದ ತೆಗೆದರು. ಗಿರಿಜವ್ವ ಮೂರನೆಯ ಇಯತ್ತೆಯ ತನಕ ಓದಿದ ಕನ್ನಡ ಶಾಲೆಯ ದಾಖಲೆ. ಹುಟ್ಟಿದ ವರ್ಷ ಅರವತ್ತೈದು. ಕೊಯ್ನಾ ಭೂಕಂಪದ ಹೊತ್ತಿಗೆ ಈ ಹೆಣ್ಣುಮಗಳಿಗೆ ಎರಡು ವರ್ಷ. ಎರಡು ವರ್ಷದ ಕೂಸು ತಂಗಿಯನ್ನು ಟೊಂಕದ ಮೇಲೆ ಎತ್ತಿಕೊಂಡಿತೇ ಎಂದು ಕೇಳಿದರು. ಗಿರಿಜವ್ವ ಬೆಂಚಿನಲ್ಲಿ ಸೆರಗು ಬಾಯಿಗೆ ಹಿಡಿದಳು. ಶಾಲೆಗೆ ಹೋದದ್ದನ್ನು ಅವಳು ನೀಲಮಳಿಗೆ ಹೇಳಿಯೇ ಇರಲಿಲ್ಲ. ಮೂರು ಇಯತ್ತೆಯನ್ನು ಓದು ಎಂದು ಅವಳು ಎಣಿಸಿರಲಿಲ್ಲ. ಅಂದು ಟೊಂಕದ ಮೇಲಿದ್ದ ಕೂಸು ತಾನೇ, ಎತ್ತಿಕೊಂಡು ಓಡಿದವಳು ತನ್ನ ಅಕ್ಕ, ಅಕ್ಕನಿಂದ ಕೇಳಿ ಕೇಳಿ ಅದು ತನ್ನದೇ ನೆನಪಾಗಿ ಕೂತಿತ್ತು ಎಂಬುದು ಅವಳಿಗೂ ಹೊಳೆದದ್ದು ಆಮೇಲೆ.

ನೀಲಮ ಕಾಗದವನ್ನು ಎರಡು ಸಲ ಓದಿದಳು. ಶಾಲೆಯಲ್ಲಿ ಬರೆಸಿದ ತಾರೀಖುಗಳೂ ಎಷ್ಟೋ ಸಲ ಅಂದಾಜೇ ಎಂದು ವಾದಿಸಬಹುದಿತ್ತು. ಅವಳು ವಾದಿಸಲಿಲ್ಲ.

"ಇದು ಆಕಿ ಸಣ್ಣಾಕಿ ಇದ್ದಾಗ ಬರದದ್ದು. ನನ್ನ ಅಂದಾಜಕ್ಕಿಂತ ಇದು ಮೇಲು. ನಂದು ತಪ್ಪೈತ್ರಿ. ತಿದ್ದಕೋತೀನಿ."

ಒಂದು ತಪ್ಪಿದೆ ಎಂದರೆ ಉಳಿದ ಇನ್ನೂರಾ ಹನ್ನೊಂದು ಸರಿ ಇವೆ ಎಂದು ಹೇಗೆ ನಂಬುವುದು ಎಂದು ಮಗದುಮರು ಕೇಳಿದರು. ನೀಲಮ ನ್ಯಾಯಾಧೀಶರ ಕಡೆಗೆ ತಿರುಗಿ ನಿಧಾನವಾಗಿ ವಿವರಿಸಿದಳು. ಒಬ್ಬೊಬ್ಬರ ವಯಸ್ಸಿನಲ್ಲಿ ಮೂರು ನಾಲ್ಕು ವರ್ಷ ಆಚೀಚೆ ಆಗಬಹುದು ಎಂದು ವರದಿಯ ಒಂಬತ್ತನೆಯ ಪುಟದಲ್ಲಿ ಮೊದಲೇ ಬರೆದಿದ್ದೇನೆ. ನನ್ನ ತಪ್ಪುಗಳು ಎರಡೂ ಕಡೆಗೆ ಇವೆ. ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಕೂಡಿಸಿದಾಗ ಒಂದನ್ನೊಂದು ಹೊಡೆದುಹಾಕುತ್ತವೆ. ರಜಿಸ್ಟರಿನಲ್ಲಿ ನೂರಾ ಎಂಬತ್ತೇಳು ಕಡೆ ಹತ್ತೇ ಕಳೆದಿದ್ದಾರೆ. ಆ ತಪ್ಪು ಒಂದೇ ಕಡೆಗೆ ವಾಲಿದೆ, ಅದು ಎಷ್ಟು ಕೂಡಿಸಿದರೂ ಹೋಗುವುದಿಲ್ಲ. ಗಿರಿಜವ್ವನದು ತಿದ್ದಿದರೆ ಏನಾಗುತ್ತದೆ ಎಂದು ನ್ಯಾಯಾಧೀಶರು ಕೇಳಿದರು. ಅಲ್ಲೇ ಲೆಕ್ಕ ಹಾಕಲು ಅನುಮತಿ ಪಡೆದು, ಹತ್ತು ನಿಮಿಷದಲ್ಲಿ, ತಿಂಗಳ ಹಣದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸ ಬರುವುದಿಲ್ಲ ಎಂದು ತೋರಿಸಿದಳು.

ಮಗದುಮರ ಬಳಿ ಇನ್ನೊಂದೇ ಪ್ರಶ್ನೆ ಉಳಿದಿತ್ತು. ಎರಡು ಸಾವಿರ ಪೂರ್ತಿ ಕೊಡುವ ಶಕ್ತಿ ನಿಧಿಗೆ ಇಲ್ಲ ಎಂದು ನೀವೇ ಬರೆದಿದ್ದೀರಿ, ಸರಿಯೇ? ಖೋತರು ಮೇಜಿನ ಮೇಲಿನ ಪೆನ್ನನ್ನೇ ನೋಡುತ್ತ ಕೂತರು. ಸರಿ ಎಂದಳು ನೀಲಮ. ಇಷ್ಟೇ ಸಾಕು ಎಂದು ಮಗದುಮರು ಕೂತರು.

ನ್ಯಾಯಾಧೀಶರು ಮಾತ್ರ ಬಿಡಲಿಲ್ಲ. ವರದಿಯನ್ನು ಮತ್ತೆ ತೆರೆದು, ಹಾಗಾದರೆ ಎಲ್ಲರಿಗೂ, ಕೊನೆಯ ಹೆಂಗಸು ಬದುಕಿರುವ ತನಕ, ನಿಲ್ಲಿಸದೆ ಎಷ್ಟು ಕೊಡಬಹುದು ಎಂದು ತಾವೇ ಕೇಳಿದರು. ಸಾವಿರದ ಎಂಟುನೂರು ಎಂದಳು ನೀಲಮ. ಅದು ಹೇಗೆ ಬಂತು ಎಂದು ಮುಕ್ಕಾಲು ಗಂಟೆ ಕೇಳಿ ಬರೆದುಕೊಂಡರು.

ಹೊರಗೆ ಬಂದಾಗ ಗಿರಿಜವ್ವ ಕಂಬಕ್ಕೆ ಒರಗಿ ನಿಂತಿದ್ದಳು. ನನ್ನಿಂದ ನಿಮಗೆ ಎಲ್ಲರ ಮುಂದೆ ಮಾನಭಂಗ ಆಯಿತು ಎಂದಳು. ಹಾಗೇನೂ ಇಲ್ಲ, ಶಾಲೆಯ ಬಗ್ಗೆ ನಾನೇ ಕೇಳಬೇಕಿತ್ತು, ಇನ್ನು ಮುಂದೆ ಎಲ್ಲರಿಗೂ ಕೇಳುತ್ತೇನೆ ಎಂದಳು ನೀಲಮ. ನಾಲ್ಕು ವರ್ಷ ಸಣ್ಣವಳಾದೆಯಲ್ಲ ಎಂದು ಉಳಿದ ಹೆಂಗಸರು ಗಿರಿಜವ್ವನನ್ನು ಟೆಂಪೋ ಹತ್ತುವ ತನಕ ಕಾಡಿದರು.

ಆಗಸ್ಟಿನಲ್ಲಿ ತೀರ್ಪು ಬಂತು. ಹಣ ನಿಲ್ಲಿಸಿದ್ದು ತಪ್ಪು. ನಿಂತ ದಿನದಿಂದ ಲೆಕ್ಕ ಹಿಡಿದು, ಎಲ್ಲರಿಗೂ ತಿಂಗಳಿಗೆ ಸಾವಿರದ ಎಂಟುನೂರರಂತೆ ಕೊಡಬೇಕು. ಮೂರು ವರ್ಷಕ್ಕೊಮ್ಮೆ ನಿಧಿಯ ಲೆಕ್ಕ ಹೊಸದಾಗಿ ಆಗಬೇಕು. ತನ್ನನ್ನು ಕರೆಸಿದವರಿಗೆ ಒಪ್ಪಿಗೆಯಾಗದ ಮಾತನ್ನೂ ಈ ಸಾಕ್ಷಿ ಮುಚ್ಚಿಡಲಿಲ್ಲ, ಆದ್ದರಿಂದ ಅವರ ಉಳಿದ ಮಾತನ್ನು ಸಂಶಯಿಸಲು ನ್ಯಾಯಾಲಯಕ್ಕೆ ಕಾರಣ ಕಾಣುವುದಿಲ್ಲ ಎಂದು ನ್ಯಾಯಾಧೀಶರು ಬರೆದಿದ್ದರು. ಖೋತರು ಆ ಪುಟದ ಫೋಟೋ ತೆಗೆದು ಅವಳಿಗೆ ಕಳಿಸಿದರು. ಟ್ರಸ್ಟು ಮೇಲ್ಮನವಿಗೆ ಹೋಗಲಿಲ್ಲ. ಹೋಗಬೇಡಿ ಎಂದು ಸಲಹೆ ಕೊಟ್ಟವರು ಮಗದುಮರೇ ಎಂದು ಆಮೇಲೆ ತಿಳಿಯಿತು. ಮೂರು ವರ್ಷದ ಲೆಕ್ಕಕ್ಕೆ ಯಾರನ್ನು ಕರೆಯುವುದು ಎಂಬ ಮಾತು ಬಂದಾಗ ಎರಡೂ ಕಡೆಯವರು ಒಂದೇ ಹೆಸರು ಕೊಟ್ಟರು.

ಆಮೇಲೆ ಅವಳಿಗೆ ಕೋರ್ಟಿನ ಕರೆಗಳು ಬರತೊಡಗಿದವು. ಅಥಣಿಯಿಂದ ಒಂದು, ರಾಯಬಾಗದಿಂದ ಎರಡು. ಅವುಗಳಲ್ಲಿ ಒಂದು ಕೇಸಿನವರು ಆಫೀಸಿಗೆ ಬಂದಾಗ, ಲೆಕ್ಕ ನಿಮ್ಮ ವಿರುದ್ಧ ಬರುತ್ತಿದೆ ಎಂದು ಮೊದಲೇ ಹೇಳಿದಳು. ಅವರು ಸಿಟ್ಟಿನಿಂದ ಎದ್ದುಹೋದರು. ಅದೇ ತಿಂಗಳು ಮಗದುಮರು ಫೋನು ಮಾಡಿ, ತಮ್ಮ ಇನ್ನೊಂದು ಕೇಸಿಗೆ ವರದಿ ಬೇಕು, ಏನು ಬಂದರೂ ಸರಿ ಎಂದರು.

ಅಕ್ಟೋಬರಿನ ಒಂದು ಮುಂಜಾನೆ ನೀಲಮ ಅಥಣಿಗೆ ಹೊರಡಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಗಿರಿಜವ್ವನ ಫೋನು ಬಂತು. ತಿಂಗಳ ಹಣ ಜಮಾ ಆಗಿದೆಯಂತೆ, ಬ್ಯಾಂಕಿನ ಮೆಸೇಜನ್ನು ಮೊಮ್ಮಗಳು ಓದಿ ಹೇಳಿದಳಂತೆ. ಎರಡು ನೂರು ಕಡಿಮೆ ಬಂದಿದ್ದಕ್ಕೆ ಬೇಸರವೇ ಎಂದು ನೀಲಮ ಕೇಳಿದಳು.

"ಎರಡ ಸಾವಿರ ಬರ್ತಿತ್ತು, ಒಂದ ದಿನ ಹೇಳದ ಕೇಳದ ನಿಂತ ಬಿಡ್ತು. ಇದು ನಿಲ್ಲೂದಿಲ್ಲಂತ ಕೋರ್ಟ್ ಹೇಳೇತಿ. ಇನ್ನ ನಾ ಅದರ ಮ್ಯಾಲೆ ಸಂಸಾರ ಹೂಡಬಹುದಲ್ರಿ ಬಾಯಾರ."

ಮೂರು ವರ್ಷಕ್ಕೆ ಮತ್ತೆ ಲೆಕ್ಕ ನೋಡುತ್ತೇವೆ, ಆಗ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು ಎಂದು ನೀಲಮ ನೆನಪಿಸಿದಳು. ಗೊತ್ತಿದೆ, ಆಗಲೂ ನೀವೇ ಬಂದು ಹೇಳಿ ಎಂದು ಗಿರಿಜವ್ವ ಫೋನು ಇಟ್ಟಳು. ಅಥಣಿ ಬಸ್ಸು ಬಂದಿತ್ತು. ನೀಲಮ ಫೈಲು ಎದೆಗೆ ಒತ್ತಿಕೊಂಡು ಹತ್ತಿದಳು.